ಹೂ ಮುಗಿದಲ್ಲಿ ನಿಂತ ಕಥೆ

ಹೂವಿನಹಡಗಲಿ
ಭಾನುವಾರ, 21-9-2008

ಪ್ರೀತಿಯ ಗೆಳತಿ ಸುಕನ್ಯಾಳಿಗೆ,

ಮೈಲಮ್ಮ ಮಾಡುವ ನಮಸ್ಕಾರಗಳು. ಇಲ್ಲಿ ನಾವು ಆರೋಗ್ಯ. ಹಲವಾಗಲಿನಲ್ಲಿ ನಿನ್ನ ಮನೆಯವರೆಲ್ಲ ಚೆನ್ನಾಗಿರಬೇಕೆಂದು ಬೇಡುತ್ತೇನೆ. ಹದಿನೆಂಟು ವರ್ಷದ ಮೇಲೆ ಬರುತ್ತಿರುವ ನನ್ನ ಮೊದಲ ಪತ್ರ ಇದು. ಹೆಸರು ನೋಡಿದ ಕೂಡಲೇ ಹರಿದು ಹಾಕಬೇಡ. ಹರಿಯುವುದೇ ಆದರೆ ಓದಿ ಮುಗಿಸಿ ಹರಿ.

ಒಂದು ಕಥೆಯ ವಿಷಯಕ್ಕೆ ಬರೆಯುತ್ತಿದ್ದೇನೆ. ಅದನ್ನು ಮೊದಲು ಹೇಳಿದವಳು ನಮ್ಮ ಅಂಜಿನಕ್ಕ. ಹೇಳಿದ್ದು 1990ನೆಯ ಇಸವಿ, ಶಿವರಾತ್ರಿ ಮುಗಿದು ಎಂಟು ದಿನಕ್ಕೆ, ಪಂಚಾಕ್ಷರಪ್ಪನವರ ಮಲ್ಲಿಗೆ ತೋಟದ ಚಪ್ಪರದಲ್ಲಿ. ನಾವು ಐದು ಜನ ಹುಡುಗಿಯರು ಹೂ ಕಟ್ಟುತ್ತಾ ಕೂತಿದ್ದೆವು. ಎದುರಿಗೆ ದುರುಗಮ್ಮ, ಅವಳ ಪಕ್ಕದಲ್ಲಿ ಹುಲುಗಣ್ಣನ ಮನೆಯ ಅಕ್ಕತಂಗಿಯರು, ಈಚೆ ನಾನು, ನನ್ನ ಎಡಕ್ಕೆ ನೀನು. ನಿನ್ನ ಎಡಕ್ಕೆ ಕಂಬ. ನೀನು ಯಾವಾಗಲೂ ಕಂಬದ ಪಕ್ಕವೇ ಕೂರುತ್ತಿದ್ದೆ.

ಆ ಕಥೆಯ ಅರ್ಧ ನನ್ನ ಹತ್ತಿರ ಇದೆ. ಉಳಿದರ್ಧ ಈ ಭೂಮಿಯ ಮೇಲೆ ನಿನ್ನೊಬ್ಬಳ ಹತ್ತಿರ ಇದೆ. ಅದು ನನಗೆ ಈಗ ಬೇಕಾಗಿದೆ. ಯಾಕೆ ಎಂದು ಹೇಳುತ್ತೇನೆ.

ನನಗೊಬ್ಬಳೇ ಮಗಳು, ಚಂದನಾ. ಕೊಟ್ಟೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಮೊದಲ ಪಿಯುಸಿ ಓದುತ್ತಾಳೆ. ಅವಳ ಕೋಣೆಯಲ್ಲಿ ನಾಲ್ಕು ಜನ. ಕೊಟ್ಟೂರಿಗೆ ಈಗ ಮಿಷನ್ನಿನಲ್ಲಿ ಹಚ್ಚೆ ಹಾಕುವವನೊಬ್ಬ ಬಂದು ಅಂಗಡಿ ಇಟ್ಟಿದ್ದಾನಂತೆ. ಈ ನಾಲ್ವರೂ ಕಿವಿಯ ಹಿಂದಿನಿಂದ ಶುರುಮಾಡಿ ಕೊರಳು, ಭುಜ ಇಳಿದು ಮೊಣಕೈವರೆಗೆ ಒಂದೇ ನಮೂನೆಯ ಬಳ್ಳಿ ಹಾಕಿಸಿಕೊಳ್ಳುತ್ತಾರಂತೆ. ನಾಲ್ವರೂ ಸಾಲಾಗಿ ನಿಂತರೆ ಒಂದೇ ಬಳ್ಳಿಯಾಗಿ ಕಾಣಬೇಕಂತೆ. ಎಲ್ಲಿಂದ ಬಂತು ಈ ಉಪಾಯ ಎಂದು ಕೇಳಿದೆ. ನನ್ನ ಮಗಳು ನನ್ನ ಕೊರಳಿನ ಕಡೆ ಕೈ ತೋರಿಸಿದಳು.

ನಾಲ್ವರಲ್ಲಿ ಅಮೃತಾ ಎಂಬ ಹುಡುಗಿ ಒಲ್ಲೆ ಎಂದಳಂತೆ. ಅಂದಿನಿಂದ ಉಳಿದ ಮೂವರು ಅವಳ ಜೊತೆ ಮಾತು ಬಿಟ್ಟಿದ್ದಾರೆ. ಊಟಕ್ಕೆ ಕೂತಾಗ ಅವಳ ತಟ್ಟೆಯನ್ನು ದೂರ ಸರಿಸುತ್ತಾರೆ. ಹೋದ ಭಾನುವಾರ ಚಂದನಾ ಮನೆಗೆ ಬಂದವಳು ಇದನ್ನೆಲ್ಲ ನಗುತ್ತಾ ಹೇಳಿದಳು. “ಒಬ್ಬಾಕಿ ಬಿಟ್ರ ಬಳ್ಳಿ ಹರೀತೈತವ್ವ, ಅದಕ್ಕ ಸ್ವಲ್ಪ ದಾರಿಗೆ ತರಾಕ ಹತ್ತೇವಿ” ಎಂದಳು.

ಸುಕನ್ಯಾ, ನನ್ನ ಮಗಳ ಬಾಯಲ್ಲಿ ದುರುಗಮ್ಮ ಮಾತಾಡಿದಳು. 

ಆ ನಾಲ್ವರನ್ನೂ ಈ ಭಾನುವಾರ ಊಟಕ್ಕೆ ಕರೆದಿದ್ದೇನೆ. ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ ತಿಂದು ಈಗ ಪಡಸಾಲೆಯಲ್ಲಿ ಕೂತಿದ್ದಾರೆ. ಅಮೃತಾ ಬಾಗಿಲ ಹತ್ತಿರ, ನಿನ್ನ ಹಾಗೆ ಕಂಬಕ್ಕೆ ಒರಗಿ. ಬರೆಯುವುದನ್ನು ಜೋರಾಗಿ ಹೇಳಿಕೊಳ್ಳುತ್ತಾ ಬರೆಯುವುದು ನನ್ನ ರೂಢಿ, ಆದ್ದರಿಂದ ನಿನಗೆ ತಿಳಿಸುವುದೆಲ್ಲ ಅವರ ಕಿವಿಗೂ ಬೀಳುತ್ತಿದೆ. ಬೀಳಲಿ.

ಅಂಜಿನಕ್ಕನ ಕಟ್ಟಳೆ ನಿನಗೆ ನೆನಪಿದೆ. ಅವಳ ಕಥೆ ಹೂವಿನ ರಾಶಿಯಷ್ಟೇ ಉದ್ದ. ಒದ್ದೆ ಬಟ್ಟೆಯ ಮೇಲೆ ಮೊಗ್ಗು ಸುರಿದ ಕೂಡಲೇ ಶುರು, ಕಡೆಯ ಮೊಗ್ಗು ನಾರಿಗೆ ಏರಿದ ಕೂಡಲೇ ಮುಗಿಯಿತು. ಕಥೆಯಲ್ಲಿ ರಾಜ ಮದುವೆ ಹಂದರದಲ್ಲಿದ್ದರೂ ಸರಿ, ಹುಲಿಯ ಬಾಯಲ್ಲಿದ್ದರೂ ಸರಿ, ಎದ್ದು ಬಟ್ಟೆ ಕೊಡವುತ್ತಿದ್ದಳು. ಮಿಕ್ಕಿದ್ದು ಮರುದಿನದ ರಾಶಿಗೆ. ಕಾಡಿ ಬೇಡಿದರೂ ಒಂದು ಮಾತು ಮುಂದೆ ಹೇಳುತ್ತಿರಲಿಲ್ಲ. “ಬರೀಗೈಲಿ ಕೂತು ಕಥಿ ಕೇಳಬಾರದು, ಮೈಗಳ್ಳರಾಗ್ತೀರಿ” ಎನ್ನುತ್ತಿದ್ದಳು.

ಹಿಂದಿನ ದಿನ ಮೋಡ ಮುಚ್ಚಿಕೊಂಡಿದ್ದರಿಂದ ಅವತ್ತು ಮೊಗ್ಗು ಕಡಿಮೆ. ತೋಟದ ಮೇಲೆ ತೆಳ್ಳಗೆ ಮಂಜು. ಗಿಡಗಳು ಕಾಣುತ್ತಿರಲಿಲ್ಲ, ವಾಸನೆ ಮಾತ್ರ ಬರುತ್ತಿತ್ತು. ಅಂಜಿನಕ್ಕ ನಾರನ್ನು ಹಲ್ಲಲ್ಲಿ ಸೀಳಿ ಶುರುಮಾಡಿದಳು.

ಒಂದು ಹೊಳೆ ಇತ್ತಂತೆ. ಎಷ್ಟು ಅಗಲ ಎಂದರೆ ಆಚೆ ದಡ ಕನಸಿನಲ್ಲಿ ಮಾತ್ರ ಕಾಣುತ್ತಿತ್ತು. ಈಚೆ ದಡದಲ್ಲಿ ಒಬ್ಬ ತಾಯಿ, ಏಳು ಹೆಣ್ಣುಮಕ್ಕಳು. ತಾಯಿ ಹೂ ಕಟ್ಟಿ ಕಟ್ಟಿ ಕಣ್ಣು ಕಳೆದುಕೊಂಡಿದ್ದಳು. ಒಂದು ದಿನ ಅವಳು ಮಕ್ಕಳಿಗಿಂತ ಮುಂಚೆ ಹರಿಗೋಲು ಹತ್ತಿದಳು. ನಾನು ಹೋಗಿ ಅಲ್ಲಿ ಮನೆ ಸಾರಿಸಿ ಇಟ್ಟಿರುತ್ತೇನೆ, ನಿಮ್ಮ ನಿಮ್ಮ ಹೊತ್ತು ಬಂದಾಗ ಬನ್ನಿ ಎಂದಳು. ಮಕ್ಕಳು ಒಬ್ಬೊಬ್ಬರಾಗಿ ಹೊರಟರು. ಹರಿಗೋಲು ಗಿರಗಿರ ತಿರುಗುತ್ತಾ ಮಂಜಿನಲ್ಲಿ ಹೋಗುತ್ತಿತ್ತು. ಆಚೆ ದಡದಲ್ಲಿ ತಾಯಿ ನೀರಿಗಿಳಿದು ನಿಂತು, ಬಂದವಳ ಕೈಯನ್ನು ಮಣಿಕಟ್ಟಿನಿಂದ ಭುಜದವರೆಗೆ ಸವರುತ್ತಿದ್ದಳು. ಕೈತುಂಬ ಹಚ್ಚೆಯ ಮೊಗ್ಗುಗಳು ಅವಳ ಬೆರಳಿಗೆ ಸಿಗುತ್ತಿದ್ದವು. “ಇದು ನನ್ನ ಹೂವು, ಬಾ ಮಗಳೆ” ಎಂದು ಒಳಗೆ ಕರೆದುಕೊಳ್ಳುತ್ತಿದ್ದಳು. ಹೀಗೆ ಆರು ಜನ ಒಳಗೆ ಹೋದರು. ಏಳನೆಯವಳು ಹಚ್ಚೆ ಹಾಕಿಸಿಕೊಂಡಿರಲಿಲ್ಲ. ತಾಯಿ ಅವಳ ಕೈಯನ್ನು ಸವರಿದಳು. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ. ಏನೂ ಸಿಗಲಿಲ್ಲ. ಆಗ ತಾಯಿ ಕೇಳಿದಳು:

“ಯಾರವ್ವ ನೀನು? ಯಾರ ಮಗಳು?”

ಅಲ್ಲಿಗೆ ಹೂ ಮುಗಿಯಿತು. ಅಂಜಿನಕ್ಕ ಎದ್ದು ಬಟ್ಟೆ ಕೊಡವಿದಳು.

 ದುರುಗಮ್ಮ ಕೂಡಲೇ, ಹಚ್ಚೆ ಚುಚ್ಚುವ ಅಜ್ಜಿ ಊರ ಹೊರಗಿನ ಹುಣಸೆ ತೋಪಿನಲ್ಲಿ ಬಿಡಾರ ಹಾಕಿದ್ದಾಳೆ, ನಾಳೆ ಬೆಳಿಗ್ಗೆಯೇ ಹೋಗೋಣ ಎಂದಳು. ಬರೀ ಒಂದು ಚುಕ್ಕಿ, ಒಂದು ಹೂವು ಅಲ್ಲ. ಎಡ ಮಣಿಕಟ್ಟಿನಿಂದ ಹತ್ತಿ, ಕೊರಳು ಬಳಸಿ, ಬಲ ಮಣಿಕಟ್ಟಿಗೆ ಇಳಿಯುವ ಪೂರಾ ಮಾಲೆ. ಐವರೂ ಕೈ ಕೈ ಹಿಡಿದು ನಿಂತರೆ ಒಬ್ಬಳ ಮಾಲೆ ಇನ್ನೊಬ್ಬಳಿಗೆ ಮುಂದುವರಿಯಬೇಕು. ಹುಲುಗಣ್ಣನ ಮನೆಯ ಹುಡುಗಿಯರು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ನೀನು ಮಾತ್ರ ಸೊರಗಿದ ಮೊಗ್ಗುಗಳನ್ನು ಆರಿಸುತ್ತಾ ಕೂತಿದ್ದೆ. ದುರುಗಮ್ಮ, “ಏ ಸುಕ್ಕಿ, ಒಬ್ಬಾಕಿ ಬಿಟ್ರ ಮಾಲಿ ಹರೀತೈತಿ ನೋಡು. ನಿಮ್ಮವ್ವ ಮೊದಲ ಆಚಿ ದಂಡಿಗೆ ಹೋಗ್ಯಾಳ, ನಿನ್ನ ಗುರ್ತು ಹಿಡಿಯೋದು ಬ್ಯಾಡನು?” ಎಂದಳು.

ನಿನ್ನ ತಾಯಿ ನಾಗಲಿಂಗಮ್ಮ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಆ ಮಾತಿಗೆ ನಾನು ನಗಲಿಲ್ಲ. ಆದರೆ ಸುಮ್ಮನಿರೇ ಎಂದೂ ಅನ್ನಲಿಲ್ಲ.

ಸಂಜೆ ಮನೆಗೆ ಹೋಗುವಾಗ ನಾವಿಬ್ಬರೇ ಇದ್ದೆವು. ಬೇವಿನ ಕಟ್ಟೆಯ ಹತ್ತಿರ ನೀನು ನಿಂತು ನನಗೆ ಹೇಳಿದ ಮಾತನ್ನು ಈವರೆಗೆ ನಾನು ಯಾರ ಮುಂದೆಯೂ ಹೇಳಿಲ್ಲ. ಈ ಹುಡುಗಿಯರು ಕೇಳಲಿ ಎಂದು ಈಗ ಹೇಳುತ್ತಿದ್ದೇನೆ. “ನಮ್ಮವ್ವ ನನ್ನ ನೋಡಿದ್ದು ಬರೀಗೈಲಿ, ಮೈಲಿ. ಎಣ್ಣಿ ಹಚ್ಚಿದ್ದು ಈ ಕೈಗೆ, ಬಳಿ ಇಡಿಸಿದ್ದು ಈ ಕೈಗೆ. ಈಗ ಹಚ್ಚಿ ಹಾಕಿಸ್ಕೊಂಡು ಹೋದ್ರ, ಆಗ ಅಂತಾಳ ನೋಡು ಯಾರವ್ವ ನೀನು ಅಂತ.”

ನನಗೆ ನಗು ಬಂತು, ಆಮೇಲೆ ಅಳು ಬಂತು. ನನಗೂ ಹಾಕಿಸಿಕೊಳ್ಳಲು ಮನಸ್ಸಿರಲಿಲ್ಲ ಸುಕನ್ಯಾ. ಸೂಜಿ ಎಂದರೆ ನನಗೆ ಎಂಥ ಭಯ ಎಂದು ನಿನಗೆ ಗೊತ್ತು. ಶಾಲೆಯಲ್ಲಿ ಚುಚ್ಚುಮದ್ದಿನವರು ಬಂದ ದಿನ ಇಬ್ಬರೂ ಗೋಡೆ ಹಾರಿ ಜೋಳದ ಹೊಲದಲ್ಲಿ ಅಡಗಿದ್ದವರಲ್ಲವೇ ನಾವು! ಕಟ್ಟೆಯ ಕಲ್ಲು ಮುಟ್ಟಿ ಮಾತು ಕೊಟ್ಟೆ. ನಾಳೆ ನಾನೂ ಹೋಗುವುದಿಲ್ಲ, ಇಬ್ಬರೂ ಚಪ್ಪರಕ್ಕೆ ಬರೋಣ, ನಿನ್ನ ಪಕ್ಕ ನಾನು ಕೂರುತ್ತೇನೆ, ಇಬ್ಬರಿದ್ದರೆ ಯಾರೂ ಏನೂ ಅನ್ನುವುದಿಲ್ಲ ಎಂದೆ. ನೀನು ನನ್ನ ಕಿರುಬೆರಳು ಹಿಡಿದುಕೊಂಡು ಮನೆಯವರೆಗೂ ಬಂದೆ.

ಬೆಳಿಗ್ಗೆ ನಾನು ಚಪ್ಪರಕ್ಕೇ ಹೊರಟಿದ್ದೆ. ಇದನ್ನು ನೀನು ನಂಬಬೇಕು. ತಲೆ ಬಾಚಿ, ನಾರಿನ ಸುರುಳಿ ಸೊಂಟಕ್ಕೆ ಸಿಕ್ಕಿಸಿದ್ದೆ. ಬಾಗಿಲಲ್ಲಿ ಮೂವರೂ ನಿಂತಿದ್ದರು. ದುರುಗಮ್ಮ ಬೈಯಲಿಲ್ಲ, ಜಗ್ಗಲಿಲ್ಲ. “ಬಾರಲೇ ಮೈಲಿ, ನಿನಗ ಕಾದೇವಿ” ಎಂದಳು, ಅಷ್ಟೇ. ಬರುವುದಿಲ್ಲ ಎಂಬ ಮಾತು ನನ್ನ ಬಾಯಲ್ಲಿ ತಯಾರಿತ್ತು. ಅದನ್ನು ಹೇಳಲೆಂದೇ ಹೊಸ್ತಿಲು ದಾಟಿದೆ. ಅವರ ಕಡೆಗೆ ಎರಡು ಹೆಜ್ಜೆ ಹಾಕಿದೆ. ಆಮೇಲೆ ನಿದ್ದೆಯಲ್ಲಿ ನಡೆಯುವವರ ಹಾಗೆ ಕಾಲು ತಾನೇ ಹೋಯಿತು. ಮಂಜು ಅವತ್ತೂ ಇತ್ತು. ಮುಂದಿನವಳ ಜಡೆ ಕಾಣುತ್ತಿತ್ತು, ಅದರ ಹಿಂದೆ ನಾನು. ಚಪ್ಪರದ ಕಡೆ ತಿರುಗುವ ಕಾಲುದಾರಿ ಬಂತು, ಹೋಯಿತು. ಬರುವುದಿಲ್ಲ ಎಂಬ ಮಾತು ಬಾಯಲ್ಲೇ ಇತ್ತು.

ಆ ಅಜ್ಜಿ ದೀಪದ ಮಸಿಗೆ ಯಾವುದೋ ಸೊಪ್ಪಿನ ರಸ ಕಲಸಿ, ಮೂರು ಸೂಜಿ ಒಟ್ಟಿಗೆ ಕಟ್ಟಿ ಚುಚ್ಚುತ್ತಿದ್ದಳು. ಪಾಪ, ಮೊದಲೇ ಹೇಳಿದ್ದಳು: “ಇಷ್ಟು ಒಮ್ಮಿಗೇ ಬ್ಯಾಡ ಕೂಸುಗಳ್ರಾ, ಒಂದು ಎಳಿ ಹಾಕಿಸ್ಕೊಂಡು ಹೋಗ್ರಿ, ಮುಂದಿನ ವರ್ಷ ಒಂದು ಎಳಿ.” ಕೇಳುವವರು ಯಾರು? ಒಬ್ಬಳು ಚೀರಲಿಲ್ಲ ಎಂದು ಇನ್ನೊಬ್ಬಳು ಚೀರಲಿಲ್ಲ. ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡುತ್ತಾ ನಗುತ್ತಿದ್ದೆವು, ನಾಲ್ವರ ಕಣ್ಣಲ್ಲೂ ನೀರು. ಮೂರು ದಿನ ಹೀಗೆ. ಎರಡನೆಯ ದಿನವೇ ನನಗೆ ಜ್ವರ ಬಂದಿತ್ತು. ನಾಳೆ ಬರುವುದಿಲ್ಲ ಎಂದರೆ ಮಾಲೆ ಅರ್ಧಕ್ಕೇ ನಿಲ್ಲುತ್ತದೆ, ಅರ್ಧ ಮಾಲೆಯವಳು ಎಂದು ಆಡಿಕೊಳ್ಳುತ್ತಾರೆ ಎಂದು ಮೂರನೆಯ ದಿನವೂ ಹೋದೆ.

ಆ ಜ್ವರದಲ್ಲಿ ನಾನು ಹರಿಗೋಲಿನಲ್ಲಿದ್ದೆ. ಹೊಳೆಯ ತುಂಬ ನೀರಿನ ಬದಲು ಮೊಗ್ಗು. ಹರಿಗೋಲು ತಿರುಗುತ್ತಾ ತಿರುಗುತ್ತಾ ಹೋಗಿ ದಡ ಮುಟ್ಟಿತು. ಯಾರೋ ನನ್ನ ಕೈ ಸವರಿದರು. ನಾನು ಖುಷಿಯಿಂದ ಕೈ ಚಾಚಿದೆ. “ಮಾಲೆ ಚೆನ್ನಾಗಿದೆ, ಇದರೊಳಗೆ ಇರುವವಳು ಯಾರು?” ಎಂದು ಕೇಳಿದರು. ಮುಖ ನೋಡಿದರೆ ನಮ್ಮವ್ವ ಅಲ್ಲ, ನೀನು.

ಜ್ವರ ಬಿಟ್ಟಿತು. ಹಚ್ಚೆ ಮಾಯಿತು. ಅದರಿಂದ ನನಗೆ ಮತ್ತೇನೂ ತೊಂದರೆಯಾಗಲಿಲ್ಲ.

ಆಮೇಲಿನದು ನೀನು ನೋಡಿದ್ದೇ. ನಾಲ್ವರೂ ರವಿಕೆಯ ತೋಳು ಮೇಲೆ ಮಡಚಿ ಒಂದು ಸಾಲಿನಲ್ಲಿ ಕೂತೆವು. ನಿನ್ನನ್ನು ಬರೀಗೈಯವಳು ಎಂದೆವು. ನೀನು ಸೀಳಿಕೊಟ್ಟ ನಾರನ್ನು ಮುಟ್ಟಲಿಲ್ಲ. ದುರುಗಮ್ಮ ಹೇಳಿದಳು ಎಂದು ಎಲ್ಲವನ್ನೂ ಅವಳ ತಲೆಗೆ ಕಟ್ಟಬಹುದು. ಆದರೆ ಮೊದಲ ದಿನ ನೀನು ಬಂದು ನನ್ನ ಪಕ್ಕ ಕೂರಲು ಹೋದಾಗ ಮೊಗ್ಗಿನ ಬುಟ್ಟಿಯನ್ನು ನಡುವೆ ಇಟ್ಟವಳು ನಾನು. ಬೇರೆ ಯಾರೂ ಹೇಳಿರಲಿಲ್ಲ. ನಿನ್ನ ಮುಖ ನೋಡಿದರೆ ಕಟ್ಟೆಯ ಕಲ್ಲು ನೆನಪಾಗುತ್ತಿತ್ತು, ಅದಕ್ಕೆ ನೋಡದ ಹಾಗೆ ಬುಟ್ಟಿ ಇಟ್ಟೆ. ತಿಂಗಳು ಕಳೆಯುವುದರೊಳಗೆ ನೀನು ಟ್ರಂಕು ಹಿಡಿದು ಹಲವಾಗಲಿನ ಸೋದರಮಾವನ ಮನೆಗೆ ಹೊರಟೆ. ಬಸ್ಸು ತೋಟದ ಮುಂದೆಯೇ ಹೋಯಿತು. ನಾನು ತಲೆ ಎತ್ತಲಿಲ್ಲ. ಧೂಳು ಚಪ್ಪರದೊಳಗೆ ಬಂದು ಮೊಗ್ಗಿನ ಮೇಲೆ ಕೂತಿತು.

ನೀನು ಹೋದ ಮೇಲೆ ಒಂದು ದಿನ ಅಂಜಿನಕ್ಕನನ್ನು ಕೇಳಿದೆ, ಏಳನೆಯವಳು ಏನಾದಳು ಎಂದು.  “ನೀವು ನಾಕೂ ಮಂದಿ ಅತ್ಲಾಗ ಹೋದ ದಿನ ಒಂದು ರಾಶಿ ಹೂ ಬಂದಿತ್ತು. ಕಟ್ಟಾಕ ಸುಕನ್ಯಾ ಒಬ್ಬಾಕಿನ ಇದ್ದಳು. ಆಕಿಗೆ ಹೇಳಿ ಮುಗಿಸೇನಿ. ಕಟ್ಟಿದಾಕಿದು ಕಥಿ. ಆಕಿನ್ನ ಕೇಳಿಕೋ ಹೋಗು” ಎಂದಳು. ಮತ್ತೆ ಎಷ್ಟು ಗೋಗರೆದರೂ ಬಾಯಿ ಬಿಡಲಿಲ್ಲ. ಆರು ವರ್ಷದ ಹಿಂದೆ ಅವಳೂ ಆಚೆ ದಡಕ್ಕೆ ಹೋದಳು.

ಯೋಚನೆ ಮಾಡಿ ನೋಡು. ಒಂದು ಕಥೆಯ ಅರ್ಧ ಕೇಳಿ, ಮಿಕ್ಕಿದ್ದಕ್ಕೆ ಒಂದು ದಿನ ಕಾಯದೆ, ಮೈಯೆಲ್ಲ ಚುಚ್ಚಿಸಿಕೊಂಡವರು ನಾವು. ದುರುಗಮ್ಮ ಈಗ ಕೂಡ್ಲಿಗಿಯಲ್ಲಿದ್ದಾಳೆ. ಬೇಸಿಗೆಯಲ್ಲೂ ತುಂಬುತೋಳಿನ ರವಿಕೆ, ಕೊರಳಿಗೆ ಸೆರಗು. ಕಿರಿಯ ಮಗು ಮಾಲೆಯನ್ನು ಹಿಡಿದು ಎಳೆಯುತ್ತದೆ, ಬರುವುದಿಲ್ಲ ಎಂದು ಅಳುತ್ತದೆ ಎಂದು ನಗುತ್ತಾ ಹೇಳಿದಳು. ಹುಲುಗಣ್ಣನ ಮನೆಯ ಅಕ್ಕತಂಗಿಯರು ಒಬ್ಬರಿಗೊಬ್ಬರು ಮಾತಾಡುವುದಿಲ್ಲ, ಹೊಲದ ಬದುವಿನ ಜಗಳ. ನಾಲ್ವರೂ ಕೈ ಕೈ ಹಿಡಿದು ನಿಂತದ್ದು ಒಂದೇ ಒಂದು ಸಲ, ಹುಣಸೆ ತೋಪಿನಲ್ಲಿ. ಆಗಲೂ ನಡುವೆ ನಿನ್ನಷ್ಟು ಜಾಗ ಬಿಟ್ಟಿದ್ದೆ ಎಂದು ನನಗನ್ನಿಸುತ್ತದೆ. ನಿಜವಾಗಿ ಬಿಟ್ಟಿದ್ದೆನೋ, ಆಮೇಲೆ ಸೇರಿಸಿಕೊಂಡೆನೋ ಗೊತ್ತಿಲ್ಲ.

ನಾನು ಹೂ ಕಟ್ಟುವುದನ್ನು ಬಿಟ್ಟು ಬಹಳ ದಿನವಾಯಿತು. ಕೂತು ಕೂತು ಬೇಸರ ಬಂತು. ಈಗ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುತ್ತೇನೆ. “ಮೈಲಮ್ಮನ ಮೊಳ ಗಿಡ್ಡ” ಎಂದು ಡ್ರೈವರ್ ಕಂಡಕ್ಟರುಗಳೆಲ್ಲ ನಗುತ್ತಾರೆ. ನಾನೂ ನಕ್ಕು ಒಂದು ಗೇಣು ಹೆಚ್ಚು ಕೊಡುತ್ತೇನೆ.

ಈಗ ಈ ಹುಡುಗಿಯರಿಗೆ ನಾನು ಬುದ್ಧಿ ಹೇಳಲು ಬಾಯಿ ತೆರೆದರೆ, “ನೀನು ಮಾತ್ರ ಹಾಕಿಸ್ಕೊಂಡೀಯಲ್ಲ” ಎನ್ನುತ್ತಾರೆ. ನಿಜವೇ. ನನ್ನ ಮೈಯೇ ಅವರಿಗೆ ದಾರಿ ತೋರಿಸಿದೆ. ಆದ್ದರಿಂದ ಅರ್ಧ ಕಥೆ ಹೇಳಿದೆ. ಮುಂದೇನಾಯಿತು ಎಂದು ನಾಲ್ವರೂ ಕೇಳಿದರು, ಅಮೃತಾ ಕೂಡ. ಗೊತ್ತಿಲ್ಲ ಎಂದೆ. ಹದಿನೆಂಟು ವರ್ಷದಲ್ಲಿ ನಾನೇ ಎಷ್ಟೋ ಕೊನೆ ಹೊಸೆದೆ. ತಾಯಿ ಅವಳ ನಡಿಗೆಯ ಸದ್ದಿನಿಂದ ಗುರುತು ಹಿಡಿದಳು ಎಂದು ಒಂದು ಸಲ, ಕೂದಲ ವಾಸನೆಯಿಂದ ಎಂದು ಒಂದು ಸಲ. ಯಾವುದೂ ನಾರಿಗೆ ನಿಲ್ಲಲಿಲ್ಲ, ಉದುರಿ ಹೋದವು.

ನಾಳೆ ಬೆಳಿಗ್ಗೆ ಕೊಟ್ಟೂರಿನ ಬಸ್ಸಿಗೆ ಇವರು ಹೋಗುತ್ತಾರೆ. ಸಂಜೆಗೆ ಮಿಷನ್ನಿನವನ ಹತ್ತಿರ ಹೆಸರು ಹೇಳಿಟ್ಟಿದ್ದಾರೆ. ಈ ಪತ್ರ ಟಪಾಲಿನಲ್ಲಿ ನಿನ್ನನ್ನು ಮುಟ್ಟುವ ಹೊತ್ತಿಗೆ ಆಗುವುದೆಲ್ಲ ಆಗಿಹೋಗಿರುತ್ತದೆ. ಹೂವಿನ ವ್ಯಾಪಾರಿ ಯರ್ರಿಸ್ವಾಮಿ ನಿನ್ನ ವಿಳಾಸದ ಜೊತೆ ಫೋನ್ ನಂಬರೂ ಕೊಟ್ಟ. ಎರಡು ಸಲ ಒತ್ತಿದೆ. ನೀನು ಹಲೋ ಎಂದೆ. ನಾನು ಇಟ್ಟುಬಿಟ್ಟೆ. ಹೋದ ವಾರ ಎರಡು ಸಲ ಸುಮ್ಮನೆ ಬಂದ ಫೋನು ನನ್ನದೇ, ಬೈದುಕೊಂಡಿದ್ದರೆ ಬೈದದ್ದು ನನಗೇ ಸೇರಲಿ.

ತಪ್ಪಾಯಿತು ಸುಕನ್ಯಾ. ಅವತ್ತು ನಿನ್ನ ಪಕ್ಕದಲ್ಲಿ ಕೂರಬೇಕಾಗಿತ್ತು. ಕೂತಿದ್ದರೆ ಕಥೆಯೂ ಸಿಗುತ್ತಿತ್ತು, ನೀನೂ ಉಳಿಯುತ್ತಿದ್ದೆ. ಕ್ಷಮಿಸು ಎಂದು ಕೇಳುವುದಿಲ್ಲ. ಕಥೆಯ ಉಳಿದರ್ಧ ನನ್ನ ಮಗಳಿಗಾದರೂ ಹೇಳು ಎಂದು ಕೇಳುತ್ತೇನೆ. ತಡವಾದರೂ ಸರಿ.

ಇಂತಿ ನಿನ್ನ,
ಮಾತು ತಪ್ಪಿದ ಗೆಳತಿ
ಮೈಲಮ್ಮ

ವಿ. ಸೂ.: ಚಿಗವ್ವ, ಇನ್ನು ಮುಂದಿನದು ಅವ್ವನ ಮಾತಲ್ಲ. ನಾನು ಚಂದನಾ. ಈ ಪತ್ರವನ್ನು ಮೊದಲಿನಿಂದ ಬರೆದವಳು ನಾನೇ. ಅವ್ವ ಹೇಳುತ್ತಾ ಹೋದಳು, ನಾನು ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸುತ್ತಾ ಹೋದೆ. ನನ್ನ ಬಗ್ಗೆ, ಅಮೃತಾಳ ತಟ್ಟೆಯ ಬಗ್ಗೆ ಹೇಳಿದಾಗ ನನ್ನ ಕೈ ನಿಂತಿತು. “ಬರಿ” ಎಂದಳು. ಒಂದು ಸಾಲೂ ಬಿಡದೆ ಬರೆದಿದ್ದೇನೆ. ಜೋರಾಗಿ ಹೇಳಿಕೊಳ್ಳುತ್ತಾ ಬರೆಯುವುದು ಅವಳ ರೂಢಿ ಎಂಬುದು ಸುಳ್ಳು. ಸಹಿ ಮಾತ್ರ ಅವಳದು, ಎಡಗೈಯಲ್ಲಿ ಹಾಕಿದ್ದು.

ಪತ್ರ ಮುಗಿದ ಮೇಲೆ ಅಮೃತಾ ಕೇಳಿದಳು, “ಅತ್ತಿ, ಬೇಸರ ಬಂತಂತ ಯಾರಾದ್ರೂ ಹೂ ಕಟ್ಟೋದು ಬಿಡ್ತಾರೇನ್ರಿ?” ಎಂದು. ಅವ್ವ ಬಲಗೈಯನ್ನು ಮುಂದೆ ಇಟ್ಟಳು. ಆ ಮೂರನೆಯ ದಿನ ಮಣಿಕಟ್ಟಿನಲ್ಲಿ ಚುಚ್ಚಿದ್ದು ಕೀವಾಗಿ, ನೀವು ಊರು ಬಿಟ್ಟ ಮೇಲೆ ತೋಳು ಬಾತು, ಎರಡು ಬೆರಳು ಮಡಚಿದ್ದು ಮಡಚಿದ ಹಾಗೇ ಉಳಿದವು. ಅವಳ ಮೊಳ ಗಿಡ್ಡ ಆಗಿರುವುದು ಅದಕ್ಕೆ. ಹುಟ್ಟಿನಿಂದಲೇ ಹೀಗೆ ಎಂದು ನನಗೆ ಹೇಳಿದ್ದಳು, ನಾನು ನಂಬಿದ್ದೆ. “ಇದನ್ನ ಬರೀಬ್ಯಾಡ. ಸುಕ್ಕಿ ಕನಿಕರಕ್ಕ ಕರಗಬಾರದು” ಎಂದಳು. ಬರೆದಿದ್ದೇನೆ.

ಮರುದಿನ ಬೆಳಿಗ್ಗೆ ಏನಾಯಿತೆಂದರೆ, ಪತ್ರವನ್ನು ಡಬ್ಬಿಗೆ ಹಾಕು ಎಂದು ಅವ್ವ ನನ್ನ ಕೈಗೆ ಕೊಟ್ಟಳು. ನಾಲ್ವರೂ ಬಸ್‌ಸ್ಟ್ಯಾಂಡಿಗೆ ಬಂದೆವು. ಇಬ್ಬರು ಕೊಟ್ಟೂರಿನ ಬಸ್ಸು ಹತ್ತಿದರು. ಒಬ್ಬಳು ಕಿಟಕಿಯಿಂದ ತಲೆ ಹಾಕಿ, “ಕಥಿ ಪೂರ್ತಿ ಕೇಳಿಕೊಂಡು ಬರ್ರಿ, ಅಲ್ಲೀತನಕ ನಾನಂತೂ ಸೂಜಿ ಮುಟ್ಟಿಸ್ಕೊಳ್ಳಂಗಿಲ್ಲ” ಎಂದಳು. ಇನ್ನೊಬ್ಬಳು ಒಳಗಿನ ಸೀಟಿಗೆ ಹೋಗಿ ಕೂತಳು. ನಾನು ಬೆಂಚಿನ ಮೇಲೆ ಅಮೃತಾಳ ಪಕ್ಕ ಹೋಗಿ ಕೂತೆ. ಅವಳು ಮೊದಲು ಸ್ವಲ್ಪ ದೂರ ಸರಿದಳು. ಆಮೇಲೆ ಹತ್ತಿರ ಬಂದಳು. ಪತ್ರವನ್ನು ಡಬ್ಬಿಗೆ ಹಾಕದೆ ಇಬ್ಬರೂ ಹರಪನಹಳ್ಳಿ ಬಸ್ಸು ಹತ್ತಿದೆವು. ಈ ವಿಶೇಷ ಸೂಚನೆಯನ್ನು ಅಲ್ಲಿ, ಹಲವಾಗಲಿನ ಬಸ್ಸು ಕಾಯುತ್ತಾ ಅಮೃತಾಳ ಬೆನ್ನನ್ನೇ ಮೇಜು ಮಾಡಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಅಲುಗಿದ್ದರೆ ಅದು ಅವಳ ನಗು.

ನಿಮಗೆ ಈ ಪತ್ರ ಕೊಟ್ಟು ಮಾತಾಡದೆ ಹೊರಗೆ ಹೋದ ಹುಡುಗಿ ನಾನೇ. ಓದುವುದು ನಿಧಾನವಾಗಲಿ, ಅವಸರವಿಲ್ಲ. ನೀವು ಇದನ್ನು ಓದುವ ಹೊತ್ತಿಗೆ ನಿಮ್ಮ ಕಟ್ಟೆಯ ಮೇಲೆ ಇಬ್ಬರೂ ಕೂತಿರುತ್ತೇವೆ. ಬರೀಗೈಯಲ್ಲಿ ಕೂತು ಕಥೆ ಕೇಳಬಾರದಂತೆ, ಅದಕ್ಕೆ ಒಂದು ಪಾವು ಬಿಡಿ ಮೊಗ್ಗು, ಒಂದು ಸುರುಳಿ ನಾರು ತಂದಿದ್ದೇವೆ. ಹೂ ಕಟ್ಟುವುದು ನನಗೆ ಬರುವುದಿಲ್ಲ. ಅದನ್ನೂ ಹೇಳಿಕೊಡಬೇಕು.